ಕಬ್ಬಿಣ, ಬೆಳ್ಳಿ, ಬಂಗಾರ: ಎಮ್ಮೆ ಚರ್ಮದಲ್ಲಿ ತ್ರಿಪುರಾಸುರರ ಮೂರು ಕವಚ

ದೊಡ್ಡಾಟದ ವೇಷಕ್ಕೆ ಚರ್ಮದ ಕವಚ ಒಗ್ಗುವುದಿಲ್ಲ ಎಂದವರು ಅಥಣಿ, ಜಮಖಂಡಿ ಕಡೆ ಬಹಳ ಜನ. ಬೆವರಿಗೆ ಕೊಳೆಯುತ್ತದೆ, ಮಳೆಗಾಲದಲ್ಲಿ ಬೂಸರು ಹಿಡಿಯುತ್ತದೆ, ಬ್ಯಾಸಗಿಗೆ ಸೆಟೆಯುತ್ತದೆ, ಫೋಮ್ ಶೀಟು ಸಿಗುವಾಗ ಇದ್ಯಾಕೆ ಬೇಕು ಅನ್ನುವುದು ಎಲ್ಲರ ಮಾತು. ತ್ರಿಪುರ ಸಂಹಾರದ ಆಟಕ್ಕೆ ಎಮ್ಮೆ ಚರ್ಮದಲ್ಲಿ ಮಾಡಿಕೊಟ್ಟ ಮೂರು ಕವಚ ಈಗ ಎರಡು ಜಾತ್ರೆ ಹಂಗಾಮು ದಾಟಿವೆ. ರಾತ್ರಿಯಿಡೀ ಕುಣಿತ, ಗದೆಯ ಪೆಟ್ಟು, ಟಂಟಂ ಗಾಡಿಯ ಹಿಂದೆ ಮೂಟೆ ಕಟ್ಟಿ ಒಯ್ಯುವುದು, ಎಲ್ಲ ಆಗಿದೆ. ಬಣ್ಣ ಎದ್ದಿಲ್ಲ, ಆಕಾರ ಕೆಟ್ಟಿಲ್ಲ. ಬೇಡವೆಂದವರಲ್ಲೇ ಇಬ್ಬರು ಎದೆಯಳತೆ ಕಳಿಸಿದ್ದಾರೆ. ಫೋಮ್, ಹೀಟ್ ಗನ್, ರಂಪಿ (ಚರ್ಮ ಹೆರೆಯುವ ಉಳಿ), ಆರಿ (ತೂತು ಹೊಡೆಯುವ ದಬ್ಬಳ) ಹಿಡಿದು ಕೆಲಸ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಪ್ಯಾಟರ್ನ್ ತೆಗೆಯುವುದರಿಂದ ಶುರು ಮಾಡುವುದಿಲ್ಲ.

ದೇವರ ಆಟದಲ್ಲಿ ಚರ್ಮ ಯಾಕೆ ಎಂದು ಕೇಳಿದ ಹಿರಿಯರೂ ಇದ್ದರು. ಅವರಿಗೆ ಹೇಳಿದ್ದು ಇಷ್ಟೇ: ತೊಗಲುಗೊಂಬೆ ಆಟದಲ್ಲಿ ರಾಮನೂ ಚರ್ಮ, ಹನುಮಂತನೂ ಚರ್ಮ. ನಮ್ಮ ಆಟದ ಮದ್ದಳಿ ಚರ್ಮ. ಮೂರು ಪುರ ಸುಟ್ಟ ಶಿವ ಉಡುವುದು ಹುಲಿಚರ್ಮ, ಹೊದೆಯುವುದು ಗಜಚರ್ಮ. ಆಮೇಲೆ ಯಾರೂ ಕೇಳಲಿಲ್ಲ.

ತಾರಕಾಸುರನ ಮಕ್ಕಳು ಮೂವರು. ತಾರಕಾಕ್ಷನ ಪುರ ಬಂಗಾರದ್ದು, ಸ್ವರ್ಗದಲ್ಲಿ. ಕಮಲಾಕ್ಷನದು ಬೆಳ್ಳಿಯದು, ಅಂತರಿಕ್ಷದಲ್ಲಿ. ವಿದ್ಯುನ್ಮಾಲಿಯದು ಕಪ್ಪು ಕಬ್ಬಿಣದ್ದು, ಭೂಮಿಯ ಮೇಲೆ. ಮೂರನ್ನೂ ಕಟ್ಟಿದವನು ಮಯ. ಸಾವಿರ ವರ್ಷಕ್ಕೊಮ್ಮೆ ಮೂರೂ ಒಂದಾದಾಗ ಒಂದೇ ಬಾಣಕ್ಕೆ ಬೀಳಬೇಕೆಂಬುದು ಅವರು ಪಡೆದ ವರ. ವೇಷದ ಸಾಮಾನು ಬಾಡಿಗೆಗೆ ಕೊಡುವವರು ಈ ಮೂವರಿಗೂ ಅದೇ ಬೇಗಡೆ ಹಚ್ಚಿದ ಎದೆಕವಚ, ಅದೇ ಭುಜಕೀರ್ತಿ ಕೊಟ್ಟು, ಕಚ್ಚೆಯ ಬಣ್ಣ ಮಾತ್ರ ಬದಲಿಸುತ್ತಾರೆ. ಕತೆಯೇ ಲೋಹ ಹಂಚಿಕೊಟ್ಟಿರುವಾಗ ಇದು ದೊಡ್ಡ ಅನ್ಯಾಯ ಅಂತ ನನ್ನ ಅಭಿಪ್ರಾಯ. ಹಿಂದಿನ ಸಾಲಿನಲ್ಲಿ ಕೂತವನಿಗೂ ಯಾವ ಅಸುರ ಯಾವ ಪುರದವನು ಎಂಬುದು ಆಟ ನಡೆಸುವ ಸಾರಥಿ ಬಾಯಿ ಬಿಡುವ ಮೊದಲೇ ತಿಳಿಯಬೇಕು.

ಹಾಗಾಗಿ ಬಣ್ಣಕ್ಕಿಂತ ಮೊದಲು ಕಟ್ಟಡ ಬೇರೆ ಮಾಡಿದೆ. ಭೂಮಿಯ ಮೇಲಿನ ವಿದ್ಯುನ್ಮಾಲಿಗೆ ದೊಡ್ಡ ಬಿಲ್ಲೆ, ಅಂದರೆ ಸಾಲಾಗಿ ದಾರದಲ್ಲಿ ಕಟ್ಟುವ ಚರ್ಮದ ತುಂಡು: ಕತ್ತರಿಸುವಾಗ 5 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದ, 5 ಮಿ.ಮೀ. ದಪ್ಪ. ಎದೆ, ಬೆನ್ನು, ನಡು ಸೇರಿ ಎರಡು ನೂರರ ಮೇಲೆ ಬಿಲ್ಲೆ ಹಿಡಿದವು, ತೂಕ ನಾಲ್ಕು ಕಿಲೋ ದಾಟಿತು. ಕಮಲಾಕ್ಷನಿಗೆ 3 ಮಿ.ಮೀ. ಚರ್ಮದ ಸಣ್ಣ ಬಿಲ್ಲೆ, ಎರಡೂವರೆಗೆ ಐದು. ಏಳೆಂಟು ನೂರು ಬೇಕಾದವು. ಕೈ ನೋವು ಬಹಳ, ಆದರೆ ತೂಕ ಎರಡೂವರೆ ಕಿಲೋ ಸುಮಾರು, ಕುಣಿದರೆ ಮೈಯೆಲ್ಲ ಅಲುಗುತ್ತದೆ. ತಾರಕಾಕ್ಷನಿಗೆ ಬಿಲ್ಲೆ ಇಲ್ಲ. ಎದೆಗೆ ಒಂದೇ ಅಖಂಡ ತುಂಡು, ಬೆನ್ನಿಗೆ ಒಂದು, ಕೀಲು ಬಗಲಲ್ಲಿ ಮರೆ. ಸ್ವರ್ಗದ ಬಂಗಾರದಲ್ಲಿ ಹೊಲಿಗೆ ಕಾಣಬಾರದು.

ಈಗ ಚರ್ಮ. ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ಎಮ್ಮೆ ಚರ್ಮ, ಅಂದರೆ ನಮ್ಮ ಚಪ್ಪಲಿಯ ಅಟ್ಟೆಗೆ ಹಾಕುವ ಮಾಲು. ಅಥಣಿ, ನಿಪ್ಪಾಣಿ ಕಡೆ ಚಪ್ಪಲಿ ಕೆಲಸದವರ ಹತ್ತಿರ ಕೇಳಿದರೆ ಸಿಗುತ್ತದೆ. ಕಿಲೋಗೆ 400-450 ರೂಪಾಯಿ ಆಜುಬಾಜು ಕೊಟ್ಟಿದ್ದೇನೆ. ಕ್ರೋಮಿಯಂ ಉಪ್ಪಿನಲ್ಲಿ ಹದ ಮಾಡಿದ ಕ್ರೋಮ್ ಚರ್ಮ ಈ ಕೆಲಸಕ್ಕೆ ಕಾಸಿನಷ್ಟೂ ಉಪಯೋಗವಿಲ್ಲ. ಕಂದು ಬಣ್ಣ ಹಾಕಿ ತೊಗಟೆ ಹದದ್ದೇ ಅಂತ ಮಾರುವವರಿದ್ದಾರೆ. ಹಂಗೇ ಬಂದ ಒಂದು ಲಾಟಿನಲ್ಲಿ ಒಂಬತ್ತು ಸಾವಿರದಷ್ಟು ನೀರಿಗೆ ಹೋಯಿತು, ವ್ಯಾಪಾರಿ ವಾಪಸು ತಗೊಳ್ಳಲಿಲ್ಲ. ಅಂದಿನಿಂದ ದುಡ್ಡು ಕೊಡುವ ಮೊದಲು ಎರಡು ಬೆರಳಗಲ ತುಂಡನ್ನು ಕುದಿಯುವ ನೀರಿಗೆ ಒಂದು ನಿಮಿಷ ಬಿಡುತ್ತೇನೆ. ತೊಗಟೆ ಹದದ್ದಾದರೆ ಕೆಂಡದ ಮೇಲಿನ ಹಪ್ಪಳದ ಹಾಗೆ ಮುರುಟಿ ಗಿಡ್ಡವಾಗುತ್ತದೆ. ಕ್ರೋಮ್ ಇದ್ದರೆ ಏನೂ ಆಗದೆ ಮೆತ್ತಗೇ ಉಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ನಡುವೆ ನೀಲಿ-ಬೂದು ಗೆರೆ ಕಂಡರಂತೂ ಪರೀಕ್ಷೆಯೇ ಬೇಡ.

ಆ ಮುರುಟುವ ಗುಣವೇ ನಮ್ಮ ಬಂಡವಾಳ. ಬಿಲ್ಲೆ ಕತ್ತರಿಸಿ, ಅಂಚು ರಂಪಿಯಲ್ಲಿ ಹೆರೆದು, ರಾತ್ರಿಯೆಲ್ಲ ತಣ್ಣೀರಲ್ಲಿ ನೆನೆಹಾಕಿ. ಗುಳ್ಳೆ ಏಳುವುದು ಪೂರ್ತಿ ನಿಲ್ಲಬೇಕು. ಒಳಗೆ ಒಣಗಿದ ಪದರ ಉಳಿದರೆ ಬಿಸಿಗೆ ಅಲ್ಲೇ ಸೀಳುತ್ತದೆ. ಆಮೇಲೆ 80 ಡಿಗ್ರಿ ನೀರು. ಅಡುಗೆಯ ಡಿಜಿಟಲ್ ಥರ್ಮಾಮೀಟರ್ 300 ರೂಪಾಯಿಗೆ ಬರುತ್ತದೆ, ಅದನ್ನು ಬಿಟ್ಟು ಕಣ್ಣಂದಾಜಿನಲ್ಲಿ ಮಾಡಬೇಡಿ. 5 ಮಿ.ಮೀ. ಬಿಲ್ಲೆಗೆ 30-40 ಸೆಕೆಂಡು, 3 ಮಿ.ಮೀ.ಗೆ 15-20. ಎಪ್ಪತ್ತರ ಕೆಳಗೆ ಎಷ್ಟು ಹೊತ್ತು ಇಟ್ಟರೂ ಗಟ್ಟಿಯಾಗುವುದಿಲ್ಲ. ತೊಂಬತ್ತು ದಾಟಿದರೆ ಕಟ್ಟಿಗೆಯಷ್ಟು ಗಟ್ಟಿಯಾಗಿ, ಗದೆ ತಾಕಿದಾಗ ಚಟ್ ಅಂತ ಒಡೆಯುತ್ತದೆ. ಹದಿನೈದು ಲೀಟರಿಗಿಂತ ಕಡಿಮೆ ನೀರಿಟ್ಟರೆ ಹತ್ತು ಬಿಲ್ಲೆ ಬಿಟ್ಟ ಕೂಡಲೆ ಕಾವು ಇಳಿದು, ಮೊದಲ ಬಿಲ್ಲೆ ಒಂದಳತೆ, ಕಡೆಯದು ಇನ್ನೊಂದಳತೆ ಆಗುತ್ತದೆ. ಹದ ಸರಿ ಬಿದ್ದಾಗ ಉದ್ದ-ಅಗಲ ಎಂಟರಲ್ಲೊಂದು ಪಾಲು ಕುಗ್ಗಿ, ದಪ್ಪ ಏರುತ್ತದೆ. ಪ್ಯಾಟರ್ನನ್ನು ಆ ಲೆಕ್ಕಕ್ಕೇ ದೊಡ್ಡದು ಮಾಡಿಕೊಳ್ಳಬೇಕು. ಹೊಟ್ಟೆಯ ಭಾಗದ ಚರ್ಮ ಇನ್ನೂ ಹೆಚ್ಚು ಕುಗ್ಗುತ್ತದೆ, ಒಂದೇ ಸಮನೆ ಕುಗ್ಗುವುದೂ ಇಲ್ಲ. ಬಿಲ್ಲೆಗೆ ಬೆನ್ನಿನ ಚರ್ಮವೇ ಇರಲಿ, ಹೊಟ್ಟೆಯದು ಬಾರಿಗೆ ಹೋಗಲಿ.

ಪಾತ್ರೆ ತಾಮ್ರದ ಹಂಡೆ ಅಥವಾ ಅಲ್ಯುಮಿನಿಯಂ. ಕಬ್ಬಿಣದ ಕಡಾಯಿಯಲ್ಲಿ ಅದ್ದಿದರೆ ಬಿಲ್ಲೆಯೆಲ್ಲ ನೀಲಿಗಪ್ಪು ಕಲೆ. ಹಸಿ ಚರ್ಮಕ್ಕೆ ಕಬ್ಬಿಣದ ಮೊಳೆ ಹೊಡೆದರೂ ಅದೇ ಕತೆ. ಹಿತ್ತಾಳಿ ಮೊಳೆಯನ್ನೇ ಬಳಸಿ. ಅದ್ದಿದ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ, ಅದನ್ನು ಚೆಲ್ಲಬೇಡಿ. ಮುಂದಿನ ಸರತಿಯನ್ನು ಅದರಲ್ಲೇ ಅದ್ದಿದರೆ ಚರ್ಮದ ಹದ ಕಡಿಮೆ ತೊಳೆದುಹೋಗುತ್ತದೆ.

ನೀರಿಂದ ತೆಗೆದ ಮೇಲೆ ಎರಡು-ಮೂರು ನಿಮಿಷ ಚರ್ಮ ರಬ್ಬರಿನ ಗುಣಕ್ಕೆ ಬಂದಿರುತ್ತದೆ. ಅಷ್ಟರಲ್ಲೇ ಆಕಾರ ಕೊಡಬೇಕು. ಬಿಲ್ಲೆಗಳನ್ನು ನಾಲ್ಕಿಂಚಿನ ಪಿವಿಸಿ ಪೈಪಿನ ಮೇಲೆ ಸಾಲಾಗಿ ಇಟ್ಟು ಅರಿವೆ ಪಟ್ಟಿ ಸುತ್ತಿದರೆ ಎಲ್ಲಕ್ಕೂ ಒಂದೇ ಬಾಗು ಸಿಗುತ್ತದೆ. ತಾರಕಾಕ್ಷನ ಎದೆತುಂಡಿಗೆ ಟೇಲರ್ ಅಂಗಡಿಯ ಹಳೇ ಗೊಂಬೆಗೆ ಪ್ಲಾಸ್ಟಿಕ್ ಸುತ್ತಿ, ಇಬ್ಬರು ಎಳೆದು ಹಿಡಿದು, ಬೆಲ್ಟು ಬಿಗಿದೆವು. ನೆರಳಲ್ಲಿ, ಫ್ಯಾನಿನ ಕೆಳಗೆ, ಎರಡು ದಿನ. ಬಿಸಿಲಿಗೆ ಇಟ್ಟರೆ ಮೇಲ್ಮೈ ಬಿರಿಯುತ್ತದೆ.

ತೂತು ಮೊದಲೇ ಹೊಡೆದರೆ ಕುಗ್ಗುವಾಗ ಓರೆಯಾಗಿ ಸಾಲು ಕೂಡುವುದಿಲ್ಲ. ಗಟ್ಟಿಯಾದ ಮೇಲೆ ಆರಿ ಇಳಿಯುವುದಿಲ್ಲ. ಗಟ್ಟಿಯಾದ ಮೇಲೆ, ಕಟ್ಟಿಗೆಯ ಅಚ್ಚಿನಲ್ಲಿ ಇಟ್ಟು, 2.5 ಮಿ.ಮೀ. ಡ್ರಿಲ್ ಬಿಟ್ಟಿನಿಂದ ಬಿಲ್ಲೆಗೆ ಆರು ತೂತು. ಕಟ್ಟಲು ಚರ್ಮದ ಬಾರು ನೋಡಲು ಚೆಂದ, ಆದರೆ ಬೆವರು ಕುಡಿದು ಹಿಗ್ಗಿ ಮಧ್ಯರಾತ್ರಿ ಹೊತ್ತಿಗೆ ಕವಚ ಎರಡು ಬೆರಳು ಜೋತುಬೀಳುತ್ತದೆ. ಮೇಣ ಹಚ್ಚಿದ ಪಾಲಿಯೆಸ್ಟರ್ ದಾರ ಎರಡೆಳೆ ಮಾಡಿ ಕಟ್ಟಿ, ಐದು ಬಿಲ್ಲೆಗೊಮ್ಮೆ ಗಂಟು ಹಾಕಿ. ಒಂದು ಕಡೆ ಹರಿದರೆ ಅಲ್ಲಿಗೇ ನಿಲ್ಲುತ್ತದೆ, ಇಡೀ ಸಾಲು ಬಿಚ್ಚಿಕೊಳ್ಳುವುದಿಲ್ಲ. ಬಗಲಲ್ಲಿ ಕೈ ಎತ್ತಿದಾಗ ಬಿಲ್ಲೆ ಚುಚ್ಚದಂತೆ ಕಟ್ಟುವ ಒಂದು ಕ್ರಮವಿದೆ. ಅದು ನನ್ನ ಹೊಟ್ಟೆಪಾಡು, ಬರೆಯುವುದಿಲ್ಲ. ಬಂದು ಕೆಲಸಕ್ಕೆ ಕೂತವರಿಗೆ ತೋರಿಸುತ್ತೇನೆ.

ಗಟ್ಟಿ ಮಾಡಲು ಕರಗಿದ ಮೇಣದಲ್ಲಿ ಅದ್ದಿ ಎಂದು ಹೇಳುವವರಿದ್ದಾರೆ. ತಂಪು ದೇಶಕ್ಕೆ ಅದು ಸರಿ. ವಿಜಯಪುರದ ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ, ಮೇಲೆ ಹ್ಯಾಲೋಜನ್ ದೀಪ. ಜೇನುಮೇಣ ಕರಗುವುದು 62ರ ಮೇಲೇ ಆದರೂ ಮೆತ್ತಗಾಗುವುದು ಅದಕ್ಕಿಂತ ಬಹಳ ಮೊದಲು. ಮೇಣ ಕುಡಿಸಿ ಮಾಡಿದ ಎದೆತುಂಡು ನಡುಆಟದಲ್ಲಿ ಜೋತುಬಿತ್ತು, ಅಂಗಿಗೆಲ್ಲ ಮೇಣ. ಬರೀ ಬಿಸಿನೀರಿನ ಗಟ್ಟಿ ಸಾಕು, ಮೇಲೆ ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗಿನ ಮೂರು ಕೈ. ಒಳಮೈಗೂ ಒಂದು ಕೈ ಕೊಟ್ಟರೆ ಬೆವರು ಇಳಿಯುವುದಿಲ್ಲ.

ಮೂರರಲ್ಲಿ ನನಗೆ ಹೆಮ್ಮೆಯದು ಕಬ್ಬಿಣದ್ದು. ಕಪ್ಪು ಪೇಂಟು ಒಂದು ಹನಿಯೂ ಹಾಕಿಲ್ಲ. ಅದಕ್ಕೆ ನಿಜವಾದ ಕಬ್ಬಿಣವನ್ನೇ ಕುಡಿಸಿದ್ದು. ಲೇತ್ ಅಂಗಡಿಯಿಂದ ತಂದ ಕಬ್ಬಿಣದ ಸಿಪ್ಪೆ ಒಂದು ಕಿಲೋ, ಸೋಪಿನಲ್ಲಿ ತೊಳೆದು ಬೆಂಕಿಯಲ್ಲಿ ಸುಟ್ಟು ಎಣ್ಣೆ ತೆಗೆದದ್ದು. ಮಹಾಲಿಂಗಪುರದ ಕರಿ ಬೆಲ್ಲ ಕಾಲು ಕಿಲೋ. ನೀರು ಐದು ಲೀಟರ್. ಪ್ಲಾಸ್ಟಿಕ್ ಬಕೀಟಿನಲ್ಲಿ ಅರಿವೆ ಕಟ್ಟಿ ಎರಡು-ಮೂರು ವಾರ. ಬಿಗಿ ಮುಚ್ಚಳ ಹಾಕಬೇಡಿ, ಒಳಗೆ ಗಾಳಿ ಕೂಡುತ್ತದೆ. ನೊರೆ ಅಡಗಿ ಹುಳಿವಾಸನೆ ಬಂದಾಗ ಸೋಸಿ. ಕಲಂಕಾರಿಯವರು ಅರಿವೆಗೆ ಕಪ್ಪು ಗೆರೆ ಎಳೆಯುವುದು ಇಂಥ ನೀರಿನಿಂದಲೇ. ಬ್ರಷ್ ಎಳೆದಾಗ ಚರ್ಮದ ಮೇಲೆ ಅದು ತಿಳಿ ಚಹಾದಂತೆ ಹರಿಯುತ್ತದೆ. ಉಸಿರು ಬಿಡುವಷ್ಟರಲ್ಲಿ ಬೂದಿ, ಆಮೇಲೆ ನೇರಳೆ, ನೋಡನೋಡುತ್ತಲೇ ಕಪ್ಪು. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಕೂಡಿ ಹುಟ್ಟಿದ ಕಪ್ಪು ಅದು, ಚರ್ಮದ ಒಳಗೇ ಇಳಿದಿರುತ್ತದೆ, ಕೆರೆದರೂ ಕಪ್ಪೇ. ಕಪ್ಪಾಗದೆ ಬೂದಿಯಲ್ಲೇ ನಿಂತರೆ ಚರ್ಮದಲ್ಲಿ ಒಗರು ಕಡಿಮೆ ಎಂದರ್ಥ. ಅಳಲೆಕಾಯಿ ಕುದಿಸಿದ ಗಟ್ಟಿ ನೀರನ್ನು ಹಚ್ಚಿ, ಒಣಗಿಸಿ, ಮತ್ತೆ ಎಳೆಯಿರಿ.

ಇಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಒಂದಿದೆ. ಆ ನೀರು ಹುಳಿ. ಹಾಗೇ ಬಿಟ್ಟರೆ ಒಂದು ವರ್ಷದೊಳಗೆ ಮೇಲ್ಮೈ ಬಿರುಕು ಬಿಡುತ್ತದೆ. ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಒರೆಸಿ, ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ, ಒಣಗಿದ ಮೇಲೆ ಅಗಸಿ ಎಣ್ಣೆಯ ತೆಳು ಕೈ. ಎಣ್ಣೆಯ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತನಗೆ ತಾನೇ ಕಾವೇರಿ ಬೆಂಕಿ ಹತ್ತುತ್ತದೆ. ಬಿಚ್ಚಿ ಹಗ್ಗದ ಮೇಲೆ ಹಾಕಿ. ಅರಗಿನ ಕಡೆಯ ಕೈ ಇನ್ನೂ ತುಸು ಅಂಟುವಾಗ ಗ್ರಾಫೈಟ್ ಪುಡಿಯನ್ನು ಬೆರಳಿಂದ ಉಬ್ಬಿದ ಜಾಗಕ್ಕೆ ಮಾತ್ರ ತಿಕ್ಕಿದರೆ, ಬಳಸಿ ಬಳಸಿ ಹೊಳಪೇರಿದ ಹಳೇ ಕಬ್ಬಿಣವೇ. ನೂರು ರೂಪಾಯಿ ಪುಡಿ ಮೂರು ಕವಚಕ್ಕಾಗಿ ಉಳಿಯುತ್ತದೆ. ಹತ್ತಿರ ಬಂದ ಕಮ್ಮಾರರೊಬ್ಬರು ಕೈಯಲ್ಲಿ ಎತ್ತಿ ನೋಡಿದ ಮೇಲೇ ಚರ್ಮ ಎಂದು ಒಪ್ಪಿದ್ದು.

ಬೆಳ್ಳಿಗೆ ಮೊದಲು ಮಿಠಾಯಿಗೆ ಹಚ್ಚುವ ಬೆಳ್ಳಿ ವರ್ಖ ಹಚ್ಚಿ ನೋಡಿದೆ. ಬೆರಳು ತಾಗಿದರೆ ಹರಿಯುತ್ತದೆ, ಕೆಲವೇ ತಿಂಗಳಲ್ಲಿ ಕಂದುತ್ತದೆ. ವರ್ಖದಂಥದೇ ತೆಳು ಅಲ್ಯುಮಿನಿಯಂ ಹಾಳೆ ಹಾಗಲ್ಲ, ಕಪ್ಪಾಗುವುದೇ ಇಲ್ಲ. ಹದಿನಾಲ್ಕು ಸೆಂ.ಮೀ. ಚೌಕದ ಹಾಳೆ ಒಂದು ಸೆಟ್ಟಿಗೆ ಎಂಬತ್ತರ ತನಕ ಬೇಕು, ಸಣ್ಣ ಬಿಲ್ಲೆಯಲ್ಲಿ ಚೂರು ಬಹಳ ಹಾಳಾಗುತ್ತದೆ. ಕಟ್ಟುವ ಮೊದಲೇ ಹಚ್ಚಿ. ಕಟ್ಟಿದ ಮೇಲೆ ಸಂದಿಯಲ್ಲಿ ಕೂಡುವುದಿಲ್ಲ.

ಬಂಗಾರಕ್ಕೆ ಹಿತ್ತಾಳಿ ಹಾಳೆ. ಅರಗಿನ ಮೇಲೆ ಕೂಡಿಸಿ, ಮೇಲೆ ಮತ್ತೆ ಅರಗು. ಬರಿದಾಗಿ ಬಿಟ್ಟರೆ ಬೆವರಿನ ಉಪ್ಪಿಗೆ ಹಸಿರು ಕಟ್ಟುತ್ತದೆ. ಪುಡಿ ಬಂಗಾರಬಣ್ಣವನ್ನು ವಾರ್ನಿಷಿಗೆ ಕಲಸಿ ಬಳಿಯುವವರ ಕವಚ ಒಂದು ಹಂಗಾಮಿಗೆ ಮಂಕಾಗುವುದೂ ಇದೇ ಕಾರಣಕ್ಕೆ. ಹಾಳೆಯ ಕೆಳಗೆ ಒಂದು ಬಣ್ಣದ ನೆಲ ಇರಬೇಕು, ಇಲ್ಲದಿದ್ದರೆ ಬಂಗಾರ ಬಿಳಿಚಿಕೊಳ್ಳುತ್ತದೆ. ಯಾವ ಬಣ್ಣ ಅನ್ನುವುದನ್ನು ಹುಡುಕಿಕೊಳ್ಳಿ. ಉಬ್ಬು ಹೂಬಳ್ಳಿಗೆ ಹುಣಸೆ ಬೀಜದ ಸರಿಯಲ್ಲಿ ಕಲ್ಲಪುಡಿ ಕಲಸಿ, ಕಿನ್ನಾಳದ ಕಟ್ಟಿಗೆ ಗೊಂಬೆಯವರ ಥರ ಎಬ್ಬಿಸಬಹುದೇ ಎಂದೂ ನೋಡಿದೆ. ಕಟ್ಟಿಗೆಯ ಮೇಲೆ ಅದು ನೂರು ವರ್ಷ ನಿಲ್ಲಬಹುದು, ಚರ್ಮ ಸ್ವಲ್ಪ ಬಾಗಿದರೂ ಉದುರುತ್ತದೆ. ಸಣ್ಣ ಹಗ್ಗವನ್ನು ಹಸಿ ಚರ್ಮದ ಒಳಗಿಟ್ಟು ಒತ್ತಿದರೆ ಬಳ್ಳಿ ತಾನೇ ಏಳುತ್ತದೆ.

ತೂಕವೆಲ್ಲ ಹೆಗಲಿಗೆ ಬಿದ್ದರೆ ನಟ ಎರಡು ಪದಕ್ಕೆ ಸುಸ್ತು. ಬಾದಾಮಿ, ಪಟ್ಟದಕಲ್ಲಿನ ಮೂರ್ತಿಗಳಲ್ಲಿ ಹೊಟ್ಟೆಯ ಮೇಲ್ಭಾಗಕ್ಕೆ ಉದರಬಂಧ ಕಟ್ಟಿರುವುದು ನೋಡಿದ್ದೀರಿ. ಅದನ್ನೇ ನಾಲ್ಕು ಬೆರಳಗಲ ಮಾಡಿ, ಒಳಗೆ ಬಾರು ಹಾಕಿ, ಕವಚದ ಅರ್ಧ ಭಾರ ನಡುವಿಗೆ ಇಳಿಸಿದೆ. ಕವಚದ ಕೆಳಗೆ ಫೋಮ್ ಪ್ಯಾಡ್ ಹಾಕಿದರೆ ಮೈ ಬೇಯುತ್ತದೆ. ಹಳೇ ಸೀರೆಯ ಕೌದಿ ಹೊಲಿಸಿ ತೋಳಿಲ್ಲದ ಅಂಗಿ ಮಾಡಿಸಿದೆ: ಬೆವರು ಹೀರುತ್ತದೆ, ಬೆಳಗ್ಗೆ ಒಗೆದು ಒಣಹಾಕಬಹುದು. ಹೊಲಿದ ಅಜ್ಜಿಗೆ ಒಂದಕ್ಕೆ 700 ಕೊಟ್ಟೆ, ಆ ಕೈಕೆಲಸಕ್ಕೆ ಅದೂ ಕಡಿಮೆ.

ಇದೇ ಜೋರಿನಲ್ಲಿ ಇನ್ನೆರಡು ಕವಚ ಮಾಡಿದ್ದೇನೆ. ಕರ್ಣನದು ಹುಟ್ಟುತ್ತಲೇ ಬಂದದ್ದು, ಆದ್ದರಿಂದ ಬಾರು, ಬಕಲ್, ಅಂಚು ಯಾವುದೂ ಕಾಣಬಾರದು. ಮೇಲಾಗಿ ಇಂದ್ರ ಬೇಡಿದಾಗ ರಂಗದ ಮೇಲೆಯೇ ಕಿತ್ತು ಕೊಡಬೇಕು. 2 ಮಿ.ಮೀ. ಚರ್ಮದ ಅಂಚನ್ನು ಹಾಳೆಯಷ್ಟು ತೆಳ್ಳಗೆ ಹೆರೆದು ಮೈಬಣ್ಣದ ಬನಿಯನ್ನಿಗೆ ಕೂಡಿಸಿದೆ. ವೆಲ್ಕ್ರೋ ಹಾಕಿದರೆ ಕಾಲರ್ ಮೈಕಿನಲ್ಲಿ ಪರ್ ಅಂತ ಕೇಳಿ ಸನ್ನಿವೇಶವೇ ಕೆಡುತ್ತದೆ. ಹತ್ತು ಮಿ.ಮೀ. ಅಯಸ್ಕಾಂತದ ಗುಂಡಿ ಎಂಟು ಸಾಕು. ಒಳಮೈಗೆ ಗುಳೇದಗುಡ್ಡದ ಕೆಂಪು ಖಣ ಹಚ್ಚಿದ್ದೇನೆ. ಕವಚ ಎದೆಯಿಂದ ಏಳುವಾಗ ಆ ಕೆಂಪು ಬಿಚ್ಚಿಕೊಳ್ಳುತ್ತದೆ, ಬೇರೆ ರಕ್ತದ ಬಣ್ಣ ಬೇಡವೇ ಬೇಡ.

ಇನ್ನೊಂದು ದುರ್ಯೋಧನನದು, ದ್ರೋಣ ಪರ್ವದಲ್ಲಿ ದ್ರೋಣ ಮಂತ್ರ ಹೇಳಿ ಕಟ್ಟಿದ್ದು. ಶಿವನಿಂದ ಇಂದ್ರ, ಇಂದ್ರನಿಂದ ಅಂಗಿರಸ, ಬೃಹಸ್ಪತಿ, ಅಗ್ನಿವೇಶ್ಯ, ಅವನಿಂದ ದ್ರೋಣ. ಇಷ್ಟು ಕೈ ದಾಟಿ ಬಂದದ್ದು ಹೊಸದಾಗಿ ಹೊಳೆಯಬಾರದು. ಬಣ್ಣಕ್ಕೆ ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ಮಾದರಿ ಇಟ್ಟುಕೊಂಡೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಆ ಕಂಚಿನ ಕಪ್ಪು-ಹಸಿರು ಹೊಳಪು ಬೇರೆಲ್ಲೂ ಇಲ್ಲ. ಅದರ ಬಾಯಿ, ಆನೆಯನ್ನು ನುಂಗುವ ಸಿಂಹದ ದವಡೆ, ಭುಜದ ತುಂಡಿಗೆ ಹೇಳಿ ಮಾಡಿಸಿದಂತಿದೆ. ಹಿತ್ತಾಳಿ ಹಾಳೆಯ ಮೇಲೆ ವಿನೆಗರ್-ಉಪ್ಪಿನ ನೀರು ಚಿಮುಕಿಸಿ ರಾತ್ರಿ ಬಿಟ್ಟರೆ ಹಸಿರು ಏಳುತ್ತದೆ. ಬೆಳಗ್ಗೆ ತೊಳೆದು ಅರಗು ಹಚ್ಚದಿದ್ದರೆ ಹಾಳೆಯನ್ನೇ ತಿಂದುಹಾಕುತ್ತದೆ. ಕಟ್ಟಿದ ಕವಚವಾದ್ದರಿಂದ ಗಂಟುಗಳನ್ನು ಎದುರಿಗೇ ಇಟ್ಟೆ. ಕೈಗೆ ಕವಚ ಮಣಿಕಟ್ಟಿನ ತನಕ ಮಾತ್ರ. ಬಾಣ ನಾಟದಿದ್ದಾಗ ಅರ್ಜುನ ಹೊಡೆದದ್ದು ಅವನ ಅಂಗೈಗೆ, ಅಂಗೈ ಬರಿದೇ ಇರಬೇಕು.

ಲೆಕ್ಕ ನೆನಪಿದ್ದಷ್ಟು: ಕಬ್ಬಿಣದ ಸೆಟ್ಟಿಗೆ ಚರ್ಮ ಆರು ಕಿಲೋ ಹಿಡಿದು 2,500-2,700, ಅರಗು, ಸ್ಪಿರಿಟ್, ದಾರ, ಹಿತ್ತಾಳಿ ಗುಂಡಿ ಎಲ್ಲ ಸೇರಿ ಮತ್ತೆ ಎರಡು ಸಾವಿರ, ಇಬ್ಬರ ಕೂಲಿ ಎಂಟು-ಒಂಬತ್ತು ಸಾವಿರ. ಬೆಳ್ಳಿಯದಕ್ಕೆ ಚರ್ಮ ಕಡಿಮೆ, ಕೂಲಿ ಹೆಚ್ಚು, ಅಲ್ಲಿಗಲ್ಲಿಗೆ. ಒಂದನ್ನು 22 ಸಾವಿರಕ್ಕೆ ಕೊಟ್ಟೆ. ಫೋಮಿನದು ಏಳು ಸಾವಿರಕ್ಕೆ ಸಿಗುತ್ತದೆ, ತೂಕವೂ ಅರ್ಧ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬಿಸಿಲಲ್ಲಿ ನಿಂತ ಗಾಡಿಯೊಳಗೆ ಅದರ ಅಂಟು ಬಾಯಿ ಬಿಡುತ್ತದೆ, ಮಡಿಕೆಯಲ್ಲಿ ಪೇಂಟು ಏಳುತ್ತದೆ, ಹಂಗಾಮಿಗೊಮ್ಮೆ ಹೊಸದು ಬೇಕು. ಗದೆ ಬಿದ್ದಾಗ ಸದ್ದೂ ಬರುವುದಿಲ್ಲ. ಮ್ಯಾಳದವರು ಬೇರೆಯವರಿಗೆ ರಾತ್ರಿಗೆ 1,500ರಂತೆ ಬಾಡಿಗೆ ಕೊಟ್ಟು ಒಂದು ಸೆಟ್ಟಿನ ದುಡ್ಡು ಆಗಲೇ ಎತ್ತಿದ್ದಾರೆ.

ಮಳೆಗಾಲಕ್ಕೆ ಪ್ಲಾಸ್ಟಿಕ್ ಚೀಲ ಬೇಡ. ಸ್ಪಿರಿಟ್ಟಿನಲ್ಲಿ ಒಳಮೈ ಒರೆಸಿ, ಗಾಳಿಗಿಟ್ಟು, ಅರಿವೆ ಚೀಲದಲ್ಲಿ ಬೇವಿನ ಸೊಪ್ಪಿನ ಜೊತೆ ತೂಗುಹಾಕಿ. ಬೆಳಗಾವಿ ಕಡೆಯ ಥಂಡಿ ಮಳೆಗೆ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಬೇಕು. ಕಿರೀಟಕ್ಕೆ ಮಾತ್ರ ಈ ಪದ್ಧತಿ ತರಬೇಡಿ, ಎತ್ತರಕ್ಕೆ ಹೋದಂತೆ ಭಾರ ಕುತ್ತಿಗೆ ಎಳೆಯುತ್ತದೆ. ಹಣೆಪಟ್ಟಿ ಚರ್ಮದ್ದಿರಲಿ, ಮೇಲಿನದು ಹಗುರ ಕಟ್ಟಿಗೆ ಅಥವಾ ಫೋಮ್. ಪ್ರತಿ ಸೆಟ್ಟಿನ ಜೊತೆ ತೂತು ಹಾಕಿ ಬಣ್ಣ ಮುಗಿಸಿದ ಇಪ್ಪತ್ತು ಬಿಲ್ಲೆ, ಒಂದು ಉಂಡೆ ದಾರ, ದಪ್ಪ ಸೂಜಿ ಕೊಡುತ್ತೇನೆ.